ಎಂಟನೆಯ ಪೊಟ್ಟಣದ ವಿಷಯವಾಗಿ

ಇಂದ:
ಎರಡನೇ ಮಹಡಿ, ಎಡಗಡೆ ಮನೆಯ ಹೆಂಗಸು
(ಈಚೆಗೆ ತಾವು ‘ಅವನ ಅಕ್ಕ’ ಎಂದಷ್ಟೇ ಕರೆಯುತ್ತಿರುವವಳು)

ಗೆ:
ಮಾನ್ಯ ಸಾರ್ವಜನಿಕ ಅಭಿಪ್ರಾಯ ಅವರು
ಪ್ರಧಾನ ಕಚೇರಿ: ಮೂಲೆಯ ಕಟಿಂಗ್ ಶಾಪಿನ ಉದ್ದ ಬೆಂಚು
ಶಾಖೆಗಳು: ನಮ್ಮ ಕಟ್ಟಡದ ಮೆಟ್ಟಿಲು, ನೀರಿನ ಮೋಟಾರು ಕೋಣೆಯ ಮುಂಭಾಗ, ಎಲ್ಲರ ಮೊಬೈಲು

ವಿಷಯ: ವಿದೇಶದಲ್ಲಿ ಮಾದಕ ವಸ್ತು ಸಾಗಿಸಿದ ಅಪರಾಧಕ್ಕೆ ಒಂಬತ್ತು ವರ್ಷದ ಶಿಕ್ಷೆಯಾಗಿರುವ ಅರ್ಜಿದಾರಳ ತಮ್ಮನ ಬಗ್ಗೆ ತಾವು ಬಾಯಲ್ಲಿ ಹೇಳುತ್ತಿರುವುದರ ಪೈಕಿ ಒಂದು ಸಾಲನ್ನಾದರೂ ಬರವಣಿಗೆಯಲ್ಲಿ, ಸಹಿಯೊಂದಿಗೆ ಕೊಡುವಂತೆ ಕೋರಿ.

ಉಲ್ಲೇಖ:
1. ಕಟಿಂಗ್ ಶಾಪಿನಲ್ಲಿ ತಮ್ಮ ಹೇಳಿಕೆ, ದಿನಾಂಕ: ರಜೆ ಬಿಟ್ಟು ಪ್ರತಿದಿನ.
2. ಮೆಟ್ಟಿಲ ಮೇಲೆ ತಮ್ಮ ಹೇಳಿಕೆ, ಅರ್ಜಿದಾರಳು ಹತ್ತಿ ಬರುವುದನ್ನು ಕಂಡು ಅರ್ಧಕ್ಕೇ ನಿಂತದ್ದು.
3. ಆ ದೇಶದ ನ್ಯಾಯಾಲಯದ ತೀರ್ಪು, ಪುಟ ಹದಿನಾಲ್ಕು.
4. ಅಲ್ಲಿನ ವಕೀಲರ ಪತ್ರ.

ಮಾನ್ಯರೇ,

ಮೇಲ್ಕಂಡ ವಿಷಯ ಮತ್ತು ಉಲ್ಲೇಖಗಳಿಗೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮ ಅವಗಾಹನೆಗೆ ತರುವುದೇನೆಂದರೆ:

1. ಅರ್ಜಿದಾರಳು ಕಚೇರಿಯೊಂದರ ಟಪಾಲು ವಿಭಾಗದಲ್ಲಿ ಗುಮಾಸ್ತೆ. ಬಂದ ಕಾಗದಕ್ಕೆ ನಂಬರು ಹಾಕುವುದು, ತಂದವರಿಂದ ಸಹಿ ತೆಗೆದುಕೊಳ್ಳುವುದು ಅವಳ ಕೆಲಸ. ಮನೆಯಿಂದ ಹೊರಡುವಾಗ ಬೀಗವನ್ನು ಮೂರು ಸಲ ಎಳೆದು ನೋಡಿ, ಕೆಳಗಿಳಿದು, ಯಾಕೋ ಸಮಾಧಾನವಾಗದೆ ಮತ್ತೆ ಮೇಲೆ ಹತ್ತಿ ನಾಲ್ಕನೆಯ ಸಲ ಎಳೆಯುತ್ತಾಳೆ. ಇದು ತಮಗೆ ಗೊತ್ತಿದೆ. ಇದರ ಬಗ್ಗೆಯೂ ತಮಗೊಂದು ಅಭಿಪ್ರಾಯವಿದೆ ಎಂಬುದು ಅವಳಿಗೂ ಗೊತ್ತಿದೆ.

2. ಅವಳ ತಮ್ಮ, ವಯಸ್ಸು ಮೂವತ್ತನಾಲ್ಕು, ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಅವನ ಬಾಯಲ್ಲಿ ಹುಟ್ಟಿದಂದಿನಿಂದ ಬಂದ ಮಾತುಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು: “ಆಗ್ಲಿ, ಕೊಡಿ.” ಲಿಫ್ಟ್ ಇಲ್ಲದ ನಮ್ಮ ನಾಲ್ಕು ಮಹಡಿಯ ಕಟ್ಟಡದಲ್ಲಿ ಹದಿನಾರು ಮನೆಗಳ ಗ್ಯಾಸ್ ಸಿಲಿಂಡರು ಹದಿಮೂರು ವರ್ಷ ಮೇಲೇರಿದ್ದು ಅವನ ಹೆಗಲ ಮೇಲೆ. ಈಗ ಅವು ಕೆಳಗೆ ಮೀಟರ್ ಬೋರ್ಡಿನ ಬಳಿ ಸಾಲಾಗಿ ನಿಂತಿವೆ. ತಮ್ಮ ಅಭಿಪ್ರಾಯ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿದ್ದರೂ ಸಿಲಿಂಡರು ಮಾತ್ರ ಒಂದು ಮೆಟ್ಟಿಲೂ ಹತ್ತಿಲ್ಲ ಎಂಬುದನ್ನು ಅರ್ಜಿದಾರಳು ಗಮನಿಸಿದ್ದಾಳೆ.

3. ಸದರಿ ತಮ್ಮನು ಹೊರದೇಶದ ಬಟ್ಟೆ ಕಾರ್ಖಾನೆಯೊಂದಕ್ಕೆ ಯಂತ್ರಗಳನ್ನು ಕೂರಿಸಲು ಹತ್ತು ದಿನದ ಮಟ್ಟಿಗೆ ಹೊರಟಾಗ ವಿಷಯ ಕಟ್ಟಡದಲ್ಲಿ ಹಬ್ಬಿತು. “ಹೇಗೂ ಹೋಗ್ತಿದ್ದೀಯಲ್ಲಪ್ಪ, ಇದೊಂದು ನಮ್ಮವರಿಗೆ ಕೊಟ್ಬಿಡು” ಎಂದು ಏಳು ಪೊಟ್ಟಣಗಳು ಬಂದವು. ಮೂರನೇ ಮಹಡಿಯ ಆಂಟಿ ಮಗಳಿಗೆಂದು ಕುಕ್ಕರಿನ ಗ್ಯಾಸ್ಕೆಟ್ ಎರಡು ತಂದರು, ಜೊತೆಗೆ “ಏನೋ ಒಂದು ಚೂರು” ಎಂದು ಇನ್ನೊಂದು ಗಂಟು. ಆ ಚೂರು ತೂಕಕ್ಕಿಟ್ಟಾಗ ಎರಡೂಕಾಲು ಕಿಲೋ ಬಂತು. ಕಟ್ಟಡದ ಸಂಘದ ಅಧ್ಯಕ್ಷರು ಅಳಿಯನಿಗೆ ಗೋಡೆ ಗಡಿಯಾರ ಕೊಟ್ಟರು. ಕಟಿಂಗ್ ಶಾಪಿನವರು ಅಲ್ಲೇ ಅಂಗಡಿ ಇಟ್ಟಿರುವ ಭಾವಮೈದುನನಿಗೆ ಸಾಣೆ ಹಿಡಿಸಿದ ಕತ್ತರಿಗಳನ್ನು ಕಳಿಸಿದರು. ಇಷ್ಟೆಲ್ಲ ತುಂಬಿದ ಮೇಲೆ ಪೆಟ್ಟಿಗೆ ಮುಚ್ಚಲಿಲ್ಲ. ಆದಕಾರಣ ತಮ್ಮನು ತನ್ನ ಎರಡು ಪ್ಯಾಂಟುಗಳನ್ನು ಹೊರತೆಗೆದಿಟ್ಟು, ಮೈಮೇಲಿದ್ದ ಒಂದರಲ್ಲೇ ವಿಮಾನ ಹತ್ತಿದನು.

“ನಿನ್ ಬಟ್ಟೆ ಬಿಟ್ಟು ಊರೋರ ಸಾಮಾನು ಹೊರ್ತೀಯಲ್ಲೋ” ಎಂದು ಅರ್ಜಿದಾರಳು ಕೇಳಿದಳು.

“ಬಟ್ಟೆ ಒಗ್ಕೋಬಹುದು ಅಕ್ಕ. ಅವರು ಆಸೆಪಟ್ಟು ಕೊಟ್ಟಿದ್ದನ್ನ ವಾಪಸ್ ಕೊಡೋದು ಹೇಗೆ?” ಎಂದು ಅವನು ಉತ್ತರಿಸಿದನು.

4. ಏಳೂ ಪೊಟ್ಟಣಗಳು, ಕಟ್ಟಿದ ಗಂಟು ಕಟ್ಟಿದ ಹಾಗೇ ತಲುಪಬೇಕಾದ ಕಡೆ ತಲುಪಿದವು. ತಲುಪಿದ ಬಗ್ಗೆ ಫೋಟೋಗಳು ಬಂದವು. ಆ ಫೋಟೋಗಳನ್ನು ತಾವೇ ಮೆಟ್ಟಿಲ ಮೇಲೆ ಅರ್ಜಿದಾರಳಿಗೆ ತೋರಿಸಿ, “ನಿನ್ ತಮ್ಮ ಅಂದ್ರೆ ಚಿನ್ನ ಕಣಮ್ಮ” ಎಂದದ್ದು ಇನ್ನೂ ಅವಳ ಕಿವಿಯಲ್ಲಿದೆ. ಆ ಚಿನ್ನದ ಬೆಲೆ ಇಳಿದದ್ದು ಐದು ದಿನದ ನಂತರ.

5. ಅವನು ಇಳಿದುಕೊಂಡಿದ್ದ ಲಾಡ್ಜಿನ ಪಕ್ಕದ ಕೋಣೆಯವನೊಬ್ಬ, ನಮ್ಮ ಭಾಷೆಯಲ್ಲೇ ಮಾತಾಡುವವನು, ಹೊರಡುವ ದಿನ ಬೆಳಿಗ್ಗೆ ಬಂದು, “ಹೇಗೂ ಹೋಗ್ತಿದ್ದೀರಲ್ಲ, ಈ ಕಂಬಳಿ ನಮ್ಮ ತಾಯಿಗೆ ಕೊಟ್ಬಿಡಿ” ಎಂದನು. ತಮ್ಮನು ಏನು ಹೇಳಿರಬಹುದೆಂದು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಡ್ಡಡ್ಡ, ಉದ್ದುದ್ದ ಹುರಿ ಹಾಕಿ ಬಿಗಿದಿದ್ದ ಆ ಕಂಬಳಿಯೇ ಎಂಟನೆಯ ಪೊಟ್ಟಣ. ವಿಮಾನ ನಿಲ್ದಾಣದಲ್ಲಿ ಅದರೊಳಗಿನ ಮಾದಕ ವಸ್ತು ಸಿಕ್ಕಿಬಿದ್ದ ವಿಷಯವನ್ನು ಅವನು ಮೊದಲ ಸಲ ಫೋನು ಮಾಡಿದಾಗ ಹೀಗೆ ತಿಳಿಸಿದನು: “ಒಂದು ನಾಯಿ ಬಂದು ನನ್ನೆದುರಿಗೇ ಕೂತ್ಕೊಳ್ತು ಅಕ್ಕ. ಪಾಪ, ಸುಸ್ತಾಗಿರ್ಬೇಕು ಅಂತ ತಲೆ ಸವರಿದೆ.”

6. ತೀರ್ಪಿನ ಹದಿನಾಲ್ಕನೆಯ ಪುಟ. ಅಪರಿಚಿತನು ಕೊಟ್ಟದ್ದನ್ನು ಯಾಕೆ ಬಿಚ್ಚಿ ನೋಡಲಿಲ್ಲ ಎಂದು ನ್ಯಾಯಾಧೀಶರು ಕೇಳಿದರು. ತಮ್ಮನು ದುಭಾಷಿಯ ಮೂಲಕ, “ಬೇರೆಯವರ ಗಂಟು ಬಿಚ್ಚಬಾರದು ಅಂತ ನಮ್ಮಕ್ಕ ಹೇಳಿದ್ದಾಳೆ” ಎಂದು ಉತ್ತರಿಸಿದನು. ಕೋಣೆಯಲ್ಲಿ ಕೆಲವರು ನಕ್ಕರಂತೆ. ಮೂವತ್ತನಾಲ್ಕು ವರ್ಷದ ಗಂಡಸಿನ ಈ ವಿವರಣೆ ನಂಬಲರ್ಹವಲ್ಲ ಎಂದು ತೀರ್ಪಿನಲ್ಲಿ ಬರೆಯಲಾಯಿತು.

ಈ ಬಗ್ಗೆ ಅರ್ಜಿದಾರಳ ಸ್ಪಷ್ಟೀಕರಣ: ಹೇಳಿದ್ದು ನಿಜ. ತಮ್ಮನಿಗೆ ಹನ್ನೊಂದು ವರ್ಷವಾಗಿದ್ದಾಗ ಮೂರನೇ ಮಹಡಿಯ ಆಂಟಿ ಯಾರಿಗೋ ಕೊಟ್ಟು ಬಾ ಎಂದು ಕಳಿಸಿದ ಗಂಟನ್ನು ಅವನು ದಾರಿಯಲ್ಲಿ ಬಿಚ್ಚಿ ನೋಡಿದ್ದನು. ಒಳಗಿದ್ದದ್ದು ಹಳೆಯ ರವಿಕೆಗಳು. ಆಂಟಿ ನಾಲ್ಕು ಜನರ ಮುಂದೆ ಮಾತಾಡಿದರು. ಮರ್ಯಾದೆ ಹೋಯಿತೆಂದು ಅರ್ಜಿದಾರಳು ಅವನ ಕೆನ್ನೆಗೆ ಹೊಡೆದು, ಮೂರನೇ ಮಹಡಿಗೆ ಕರೆದೊಯ್ದು ತಪ್ಪೊಪ್ಪಿಸಿದಳು. ಅವತ್ತಿನಿಂದ ಅವನು ಯಾರ ಗಂಟನ್ನೂ ಬಿಚ್ಚಿಲ್ಲ. ಬೀಗವನ್ನು ನಾಲ್ಕು ಸಲ ಎಳೆಯುವವಳು ಆ ಹೊಡೆತದ ಕಡೆ ಇಪ್ಪತ್ತಮೂರು ವರ್ಷ ಒಮ್ಮೆಯೂ ಹಿಂತಿರುಗಿ ನೋಡಿರಲಿಲ್ಲ.

7. ತಮ್ಮನು ಮುಗ್ಧನೆಂದು ತಾವು ಘೋಷಿಸಬೇಕು ಎಂಬುದು ಈ ಅರ್ಜಿಯ ಕೋರಿಕೆಯಲ್ಲ. ಹೊತ್ತದ್ದು ಅವನೇ. ಅರ್ಜಿದಾರಳೂ ಒಮ್ಮೆ ಫೋನಿನಲ್ಲಿ, “ನಿಜ ಹೇಳು, ನಿಂಗೆ ಗೊತ್ತಿರ್ಲಿಲ್ವಾ?” ಎಂದು ಕೇಳಿದ್ದಾಳೆ. ಅಷ್ಟರಲ್ಲಿ ಜೈಲಿನವರು ಕೊಟ್ಟಿದ್ದ ಸಮಯ ಮುಗಿಯಿತು. ಮುಂದಿನ ವಾರ ಅವನು ಆ ಪ್ರಶ್ನೆಯನ್ನು ಎತ್ತಲಿಲ್ಲ. ಗ್ಯಾಸ್ ಮುಗಿದಾಗ ಯಾರು ತಂದುಕೊಟ್ಟರು ಎಂದಷ್ಟೇ ಕೇಳಿದನು.

8. ಇನ್ನು ತಮ್ಮ ಹೇಳಿಕೆಗಳು. ಕಟಿಂಗ್ ಶಾಪಿನವರ ಬಾಯಿಂದ ತಾವು ಹೇಳಿದ್ದು: “ನಂಗೆ ಆಗ್ಲೇ ಅನುಮಾನ ಇತ್ತು. ಕುರ್ಚಿ ಮೇಲೆ ಕೂತ್ರೆ ತಲೆ ತಗ್ಗಿಸ್ಕೊಂಡೇ ಇರ್ತಿದ್ದ.” ಸದರಿ ಶಾಪಿನಲ್ಲಿ ಹಿಂದಲೆ ಕತ್ತರಿಸುವಾಗ ತಲೆಯೆತ್ತಿ ಕುಳಿತ ಗಿರಾಕಿ ಯಾರಾದರೂ ಇದ್ದರೆ ತಿಳಿಸಿದಲ್ಲಿ ಅರ್ಜಿದಾರಳು ಆಭಾರಿ. ಟಿ.ವಿ.ಯವರು ಬಂದಾಗ ಅಧ್ಯಕ್ಷರ ಬಾಯಿಂದ ಹೇಳಿದ್ದು: “ಅವನು ಯಾರ ಜೊತೇನೂ ಸೇರ್ತಿರ್ಲಿಲ್ಲ. ನಮಗೆ ಅವನ ಪರಿಚಯ ಅಷ್ಟಕ್ಕಷ್ಟೇ.” ಆಗ ಅಧ್ಯಕ್ಷರು ಕುಳಿತಿದ್ದದ್ದು ತಮ್ಮನು ಕಾಲು ಸರಿಮಾಡಿಕೊಟ್ಟ ಕುರ್ಚಿಯ ಮೇಲೆ. ಆಂಟಿಯವರ ಬಾಯಿಂದ ಹೇಳಿದ್ದು: “ಒಂಬತ್ತು ವರ್ಷ ಕಮ್ಮೀನೇ ಆಯ್ತು.” ಅದನ್ನು ಹೇಳಿ ಅವರು ಮೀಟರ್ ಬೋರ್ಡಿನ ಬಳಿಯಿದ್ದ ತಮ್ಮ ಮನೆಯ ಸಿಲಿಂಡರನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದರು.

9. ವಕೀಲರು ಬರೆದಿರುವ ಪ್ರಕಾರ ಮೇಲ್ಮನವಿಯ ಜೊತೆ ಐದು ಪತ್ರಗಳು ಬೇಕು. ಬರೆಯುವವರು ಸಂಬಂಧಿಕರಾಗಿರಬಾರದು, ಹತ್ತು ವರ್ಷಕ್ಕಿಂತ ಹೆಚ್ಚು ಪರಿಚಯವಿರಬೇಕು. ಬರೆಯಬೇಕಾದ್ದು ಇಷ್ಟೇ: ನಾವೂ ಇವನ ಕೈಯಲ್ಲಿ ಸಾಮಾನು ಕಳಿಸಿದ್ದೆವು, ಇವನು ಬಿಚ್ಚದೆ ತಲುಪಿಸಿದನು. ಹದಿನಾಲ್ಕನೆಯ ಪುಟದಲ್ಲಿ ನಂಬಲರ್ಹವಲ್ಲ ಎನ್ನಿಸಿದ್ದು ಆಗ ನಂಬಲರ್ಹವಾಗಿ ಕಂಡೀತು, ಶಿಕ್ಷೆ ಅರ್ಧಕ್ಕಿಳಿದೀತು ಎಂದು ಅವರ ಅಂದಾಜು. ಕೊನೆಯ ದಿನಾಂಕ ಈ ತಿಂಗಳ ಮೂವತ್ತು.

10. ಸದರಿ ಪತ್ರಗಳಿಗಾಗಿ ಅರ್ಜಿದಾರಳು ಮನೆಮನೆಗೆ ಹೋದಾಗ ದೊರೆತ ಉತ್ತರಗಳು:

ಅಧ್ಯಕ್ಷರು: “ಗಡಿಯಾರವಾ? ಯಾವ ಗಡಿಯಾರನಮ್ಮ? ನಾವು ಯಾರ ಕೈಲೂ ಏನೂ ಕಳಿಸೋರಲ್ಲ.”

ಆಂಟಿ: “ನೋಡು, ನಂಗೆ ಅವನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ನಾಳೆ ನಾನು ಮಗಳ ಮನೆಗೆ ಹೋಗ್ಬೇಕು. ಏರ್‌ಪೋರ್ಟಲ್ಲಿ ನನ್ ಹೆಸರು ನೋಡಿ ಒಳಗೆ ಹಾಕಿದ್ರೆ? ನನ್ ಮಂಡಿ ಬೇರೆ ಸರಿಯಿಲ್ಲ.”

ಕಟಿಂಗ್ ಶಾಪಿನವರು: “ಅಕ್ಕಾವ್ರೇ, ಬಾಯಲ್ಲಿ ಎಷ್ಟು ಬೇಕಾದ್ರೂ ಹೇಳ್ತೀನಿ. ಬರವಣಿಗೆ ಮಾತ್ರ ನಮಗಾಗಲ್ಲ.” ಇದನ್ನು ಅವರು ಹೇಳಿದ್ದು ‘ಇಲ್ಲಿ ರಾಜಕೀಯ ಮಾತಾಡಬೇಡಿ, ಮಾತಾಡಿದರೆ ಕಿವಿಗೆ ನಾವು ಜವಾಬ್ದಾರರಲ್ಲ’ ಎಂದು ಸ್ವಹಸ್ತದಿಂದ ಬರೆದು ಅಂಟಿಸಿರುವ ಫಲಕದ ಕೆಳಗೆ ನಿಂತು.

ಉಳಿದ ಮನೆಗಳಲ್ಲಿ ಟಿ.ವಿ.ಯ ಶಬ್ದ ಕೇಳುತ್ತಿತ್ತು, ಬಾಗಿಲು ತೆರೆಯಲಿಲ್ಲ.

11. ಇಲ್ಲಿ ಒಂದು ಸಣ್ಣ ಸಂಗತಿಯನ್ನು ದಾಖಲಿಸುವುದು ಉಚಿತವೆಂದು ಅರ್ಜಿದಾರಳು ಭಾವಿಸುತ್ತಾಳೆ. ಏಳು ಪೊಟ್ಟಣಗಳು ಬಂದ ದಿನ ಅವಳು ಕಚೇರಿಯ ಅಭ್ಯಾಸಬಲದಿಂದ ಗೆರೆ ಹೊಡೆದ ಹಾಳೆಯಲ್ಲಿ ಕ್ರಮಸಂಖ್ಯೆ, ವಸ್ತು, ತೂಕ, ಕೊಟ್ಟವರ ಮನೆ ನಂಬರು ಬರೆದು, ಎದುರಿಗೆ ಪ್ರತಿಯೊಬ್ಬರ ಸಹಿ ತೆಗೆದುಕೊಂಡಿದ್ದಳು. “ಇದೇನಮ್ಮ, ನಾವೇನು ಕಳ್ಳಮಾಲು ಕೊಡ್ತಿದ್ದೀವಾ?” ಎಂದು ತಾವೆಲ್ಲ ನಗುತ್ತಲೇ ಸಹಿ ಮಾಡಿದಿರಿ. ಕಟಿಂಗ್ ಶಾಪಿನವರ ಸಹಿ ಎಲ್ಲಕ್ಕಿಂತ ಮುದ್ದಾಗಿದೆ. ಅಧ್ಯಕ್ಷರು ಸಹಿಯ ಕೆಳಗೆ ಹುದ್ದೆಯನ್ನೂ ನಮೂದಿಸಿದ್ದಾರೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಾವು ದಯಮಾಡಿ ಕಟಿಂಗ್ ಶಾಪು, ಮೆಟ್ಟಿಲು ಮತ್ತು ಮೊಬೈಲುಗಳಿಂದ ಸ್ವಲ್ಪ ಬಿಡುವು ಮಾಡಿಕೊಂಡು, ಬರುವ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಎರಡನೇ ಮಹಡಿಯ ಎಡಗಡೆ ಮನೆಗೆ ಆಗಮಿಸಿ, ತಮ್ಮ ಪೈಕಿ ಯಾರಾದರೂ ಐವರು ತಲಾ ಒಂದು ಪತ್ರ ಬರೆದುಕೊಡಬೇಕಾಗಿ ವಿನಂತಿ. ಶಿಕ್ಷೆ ಕಮ್ಮಿಯಾಯಿತು ಎಂಬ ಅಭಿಪ್ರಾಯವುಳ್ಳವರೂ ಬರಬಹುದು. ಅಭಿಪ್ರಾಯವನ್ನು ಬದಲಿಸಿಕೊಳ್ಳುವ ಅಗತ್ಯವಿಲ್ಲ, ಗಡಿಯಾರ ಅಥವಾ ಗ್ಯಾಸ್ಕೆಟ್ ತಲುಪಿದೆ ಎಂದು ಬರೆದರೆ ಸಾಕು. ಕುರ್ಚಿ, ಪೆನ್ನು, ಕುಡಿಯುವ ನೀರಿನ ವ್ಯವಸ್ಥೆ ಇದೆ.

ತಮ್ಮ ಮೇಲೆ ಇನ್ನೂ ವಿಶ್ವಾಸ ಇಟ್ಟುಕೊಂಡಿರುವ,
(ಸಹಿ)
ಅವನ ಅಕ್ಕ

ಅಡಕಗಳು:
1. ತೀರ್ಪಿನ ಹದಿನಾಲ್ಕನೆಯ ಪುಟದ ನಕಲು.
2. ವಕೀಲರ ಪತ್ರದ ನಕಲು.
3. ಖಾಲಿ ಹಾಳೆಗಳು, ಐದು. (ತಪ್ಪು ಬರೆದರೆ ಇರಲಿ ಎಂದು ಇನ್ನೂ ಎರಡು.)
4. ಏಳು ಪೊಟ್ಟಣಗಳ ಪಟ್ಟಿ, ಸಹಿಗಳ ಸಮೇತ. ಇದನ್ನು ಸದ್ಯಕ್ಕೆ ಲಗತ್ತಿಸಿಲ್ಲ. ಭಾನುವಾರ ಮಧ್ಯಾಹ್ನ ಹನ್ನೆರಡರವರೆಗೆ ಅರ್ಜಿದಾರಳ ಕಪಾಟಿನಲ್ಲೇ ಇರುತ್ತದೆ. ಕಪಾಟಿಗೆ ಬೀಗ ಹಾಕಿದೆ. ನಾಲ್ಕು ಸಲ ಎಳೆದು ನೋಡಿದ್ದಾಳೆ.