ಮಾಬಮ್ಮನ ಬಾಯಿ, ನನ್ನ ಕನ್ನಡ

ಲಿಂಗಸುಗೂರಿನಲ್ಲಿ ಕನ್ನಡ ಮಾಸ್ತರನಾಗಿ ನಿವೃತ್ತನಾದ ಮೇಲೆ ನನಗೆ ಉಳಿದಿದ್ದ ಆಸೆ ಒಂದೇ. ಸಾಯುವುದರೊಳಗೆ ಒಂದು ಪುಸ್ತಕದ ಮೇಲೆ ನನ್ನ ಹೆಸರು ಅಚ್ಚಾಗಬೇಕು. ಕವಿತೆ ಬರೆದೆ, ಪತ್ರಿಕೆಯವರು ವಾಪಸ್ ಕಳಿಸಿದರು. ಕಾದಂಬರಿ ಬರೆದೆ, ಹೆಂಡತಿ ಗಿರಿಜಾ ವಾಪಸ್ ಕೊಟ್ಟಳು. ಇನ್ನೇನು ಆಸೆ ಬಿಡಬೇಕು ಅನ್ನುವಾಗ ಮಸ್ಕಿಯಿಂದ ಮಾಬಮ್ಮನವರ ಕರೆ ಬಂತು. ಅವರು ತಮ್ಮ ಆತ್ಮಕಥೆ ಬರೆಸಬೇಕಂತೆ, ಅದಕ್ಕೊಬ್ಬ ಮಾಸ್ತರ ಬೇಕಂತೆ. ಕನ್ನಡ ಸಾಹಿತ್ಯಕ್ಕೆ ಒಳ್ಳೆಯ ದಿನಗಳು ಬಂದವು ಅಂದುಕೊಂಡೆ!

ಮಾಬಮ್ಮ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಕಪ್ಪು ಬಿಳುಪಿನ ಕಾಲದ ನಾಯಕಿ ಮೃದುಲಾದೇವಿ ಎಂದರೆ ಈಗಲೂ ನಮ್ಮ ಕಡೆಯ ಮುದುಕರು ತಲೆ ಬಾಚಿಕೊಳ್ಳುತ್ತಾರೆ. ಮಸ್ಕಿಯಲ್ಲಿ ಹುಡುಗಿಯಾಗಿದ್ದಾಗಲೇ ನಾಟಕ ಕಂಪನಿ ಸೇರಿ, ಅಲ್ಲಿಂದ ಮದ್ರಾಸಿಗೆ ಹೋದರು. ಅಲ್ಲಿ ಸಿನಿಮಾದವರು ಮೃದುಲಾ ಎಂದು ಹೆಸರಿಟ್ಟರು. ಹೆಸರಿನಲ್ಲಷ್ಟೇ ಮೃದು. ಒಬ್ಬ ನಿರ್ಮಾಪಕನಿಗೂ ತಲೆಬಾಗದೆ, ಎಲ್ಲರ ಜೊತೆಗೂ ಜಗಳಾಡಿ, ಕೊನೆಗೆ ಮಸ್ಕಿಯ ತಂಗಿಯ ಮನೆಗೆ ಬಂದು ಸೇರಿದವರು. ಮನೆಯಲ್ಲಿ ದಖ್ಖನಿ, ಹೊರಗೆ ಕನ್ನಡ. ಓದಲು ಬರುವುದು ಮಾತ್ರ ಉರ್ದು ಒಂದೇ.

ಮೊದಲ ದಿನವೇ ಅವರು ಶರತ್ತು ಹಾಕಿದರು.

“ನೋಡ್ ಮಾಸ್ತರ, ಪಿಚ್ಚರ್‌ದಾಗ ಮಾರಿ ನಂದು, ದನಿ ಮಂದಿದು. ನಿನ್ನ ಮಾತು ರಾಯಚೂರ ಕಡಿದು, ಹೀರೋಯಿನ್‌ಗೆ ಹೊಂದಂಗಿಲ್ಲ ಅಂತಂದು ಬ್ಯಾರೆದಾಕಿನ್ನ ಕರಕೊಂಡು ಬಂದು ಡಬ್ಬಿಂಗ್ ಮಾಡಿಸಿದ್ರು. ಒಂದ್ ಪಿಚ್ಚರ್‌ದಾಗೂ ನನ್ನ ದನಿ ಇಲ್ಲ. ಇದೊಂದು ಪುಸ್ತಕದಾಗರ ನಾನ ಮಾತಾಡಬೇಕು. ನಾ ಹೆಂಗ ಹೇಳ್ತೀನಿ, ಹಂಗ ಬರಿ.”

ಹಾಗೇ ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಬರೆಯಲು ಬಾರದ ಕೈಯೇ ನನ್ನದು!

ವಾರವಾರ ನಾನೂ ಗಿರಿಜಾಳೂ ಬಸ್ಸು ಹತ್ತಿ ಮಸ್ಕಿಗೆ ಹೋಗುತ್ತಿದ್ದೆವು. ಮಾಬಮ್ಮ ಮಂಚದ ಮೇಲೆ ಕುಂತು ಅಡಕೊತ್ತಿನಿಂದ ಅಡಕಿ ಕತ್ತರಿಸುತ್ತ ಹೇಳುವರು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ ಎಂದು ಗಿರಿಜಾ ಒಮ್ಮೆ ಸೂಚಿಸಿದಳು. ನನಗೆ ಅವಮಾನವಾಯಿತು. ಮೊದಲು ಗೀಚಿಕೊಂಡು ಆಮೇಲೆ ತಿದ್ದುವುದೆಲ್ಲ ಕಲಿಯುವವರ ಕೆಲಸ. ಜೀವಮಾನವಿಡೀ ಉತ್ತರಪತ್ರಿಕೆ ತಿದ್ದಿದ ನನ್ನ ಕೈ, ಮಾತು ಕಿವಿಯಿಂದ ಪೆನ್ನಿಗೆ ಇಳಿಯುವಷ್ಟರಲ್ಲೇ ಅದನ್ನು ಶುದ್ಧ ಮಾಡಿಬಿಡುತ್ತಿತ್ತು. ಆ ಕೈಯ ಮೇಲೆ ನನಗೆ ಬಹಳ ಹೆಮ್ಮೆಯಿತ್ತು.

ಒಂದು ವಾರ ಯಾವನೋ ಡೈರೆಕ್ಟರನ ಕಥೆ ಬಂತು.

“ಮಳಿ ಸೀನ್ ತೋರಸ್ತೀನಿ ಅಂತ ಸೊಂಟಕ್ಕ ಕೈ ಹಾಕಿದ. ಕಪಾಳಕ್ಕ ಒಂದ್ ಬಿಟ್ಟೆ ನೋಡು, ಅವನ ಹಲ್ಲಿನ ಸೆಟ್ ಹಾರಿ ಕ್ಯಾಮೆರಾದವನ ಚಾದಾಗ ಬಿತ್ತು. ಆ ಕ್ಯಾಮೆರಾದಾವ ಚಾ ಚೆಲ್ಲಲಿಲ್ಲ ನೋಡವಾ ಗಿರಿಜಾ, ಸೆಟ್ ತಗದಿಟ್ಟು ಕುಡದ.”

ಗಿರಿಜಾ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನನಗೂ ನಗು ಬಂತು. ಆದರೂ ಗಾಂಭೀರ್ಯ ಬಿಡದೆ ಬರೆದೆ: “ನಿರ್ದೇಶಕ ಮಹೋದಯರ ಅನುಚಿತ ವರ್ತನೆಯಿಂದ ನನ್ನ ಕೋಮಲ ಹೃದಯವು ಘಾಸಿಗೊಂಡಿತು. ನಾನು ಮೌನವಾಗಿಯೇ ನನ್ನ ಅಸಮ್ಮತಿಯನ್ನು ಸೂಚಿಸಿದೆನು.” ಹಲ್ಲಿನ ಸೆಟ್ಟನ್ನು ಕೈಬಿಟ್ಟೆ. ಗ್ರಂಥದಲ್ಲಿ ಅದಕ್ಕೆಲ್ಲಿಯ ಜಾಗ?

ಅಚ್ಚಿಗೆ ಕೊಡುವ ಮುಂಚೆ ಮಾಬಮ್ಮ ಒಂದು ಅಧ್ಯಾಯ ಓದಿ ಹೇಳು ಎಂದರು. ಹಾಳೆ ತೆಗೆದೆ. ನನ್ನ ಗ್ರಹಚಾರ, ಅದೇ ಡೈರೆಕ್ಟರನ ಅಧ್ಯಾಯ ಬಂತು. ಕೋಮಲ ಹೃದಯದ ಸಾಲು ನೋಡಿದೆ. ಅವರ ಕೈಯಲ್ಲಿದ್ದ ಅಡಕೊತ್ತು ನೋಡಿದೆ. ಹಾಳೆಯ ಮೇಲೆ ಕಣ್ಣಿಟ್ಟುಕೊಂಡೇ, ಅವರು ಹೇಳಿದ್ದನ್ನು ನೆನಪಿನಿಂದ ಅವರದೇ ಮಾತಿನಲ್ಲಿ ಒಪ್ಪಿಸಿಬಿಟ್ಟೆ! ಕಣ್ಣು ಕೋಮಲ ಹೃದಯದ ಮೇಲೆ, ಬಾಯಿ ಕಪಾಳದ ಮೇಲೆ. ಅಲ್ಲಲ್ಲಿ ಪುಟವನ್ನೂ ತಿರುವಿದೆ.

ಮಾಬಮ್ಮ ಅಡಕೊತ್ತು ಕೆಳಗಿಟ್ಟರು. ಕಣ್ಣು ಒರೆಸಿಕೊಂಡರು. “ಹಾಂ, ಇದು ನನ್ನ ದನಿ,” ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ದುವಾ ಮಾಡಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಗಿರಿಜಾ ನನ್ನ ಚೀಲದಿಂದ ಹಾಳೆ ತೆಗೆದು ಓದಿದಳು. “ಓದಿದ್ದು ಛಲೋ ಇತ್ತು. ಅದನ್ನ ಯಾಕ ಬರೀಲಿಲ್ಲ?” ಎಂದಳು. ಗ್ರಂಥಕ್ಕೊಂದು ಘನತೆ ಇರುತ್ತದೆ ಎಂದು ವಿವರಿಸಿದೆ. “ಘನತಿ ಇರ್ಲಿ. ಆಕಿಗೆ ಮಾತು ಕೊಟ್ಟೀರಿ,” ಎಂದಳು. ಅವರಿಗೆ ಕನ್ನಡ ಓದಲು ಬರುವುದಿಲ್ಲವಲ್ಲ, ಹೇಗೆ ತಿಳಿಯುತ್ತದೆ ಎಂದೆ. ಲಿಂಗಸುಗೂರು ಬರುವವರೆಗೆ ಅವಳು ಕಿಟಕಿಯ ಹೊರಗೇ ನೋಡಿದಳು.

ಸಿಂಧನೂರಿನ ಒಂದು ಕಲ್ಯಾಣ ಮಂಟಪದಲ್ಲಿ ಪುಸ್ತಕ ಬಿಡುಗಡೆ. ಮಂಟಪ ತುಂಬಿತ್ತು. ಮಾಬಮ್ಮ ಹಸಿರು ರೇಷ್ಮೆ ಸೀರೆ, ಕಪ್ಪು ಕನ್ನಡಕದಲ್ಲಿ ವೇದಿಕೆಯ ನಡುವೆ ರಾಣಿಯ ಹಾಗೆ ಕುಂತಿದ್ದರು. ಮುಖಪುಟದಲ್ಲಿ ನನ್ನ ಹೆಸರು, ನಿರೂಪಣೆ ಎಂಬ ಪದದ ಕೆಳಗೆ, ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿಯೇ ಇತ್ತು. ಎಲ್ಲವನ್ನೂ ನಾನೇ ನಿಂತು ಏರ್ಪಾಡು ಮಾಡಿದ್ದೆ. ಪುಸ್ತಕ ಬಿಡುಗಡೆ ಎಂದಮೇಲೆ ಯಾರಾದರೂ ಒಂದು ಪುಟ ಓದಿಯೇ ಓದುತ್ತಾರೆ ಎಂಬುದೊಂದೇ ತಲೆಗೆ ಹೊಳೆಯಲಿಲ್ಲ.

ಕಾರ್ಯಕ್ರಮ ನಡೆಸುತ್ತಿದ್ದ ಉಪನ್ಯಾಸಕಿ ಬಹಳ ಇಂಪಾದ ದನಿಯವರು. “ಈಗ ಮೃದುಲಾದೇವಿಯವರದೇ ಮಾತುಗಳಲ್ಲಿ,” ಎಂದು ಪುಸ್ತಕ ತೆರೆದರು. ನಾನು ಕುರ್ಚಿಯಿಂದ ಎದ್ದೆ. ಯಾಕೆ ಎದ್ದೆನೋ ತಿಳಿಯದೆ ಮತ್ತೆ ಕುಂತೆ. ನಿರ್ದೇಶಕ ಮಹೋದಯರು ಬಂದರು. ಕೋಮಲ ಹೃದಯವು ಘಾಸಿಗೊಂಡಿತು. ಸಭೆ ಭಕ್ತಿಯಿಂದ ಕೇಳುತ್ತಿತ್ತು.

“ಯಾರ ಕಥಿ ಓದಾಕತ್ತೀಯವಾ?” ಎಂದು ಮಾಬಮ್ಮ ಕೇಳಿದರು.

ನಿಮ್ಮದೇ ಅಮ್ಮ, ಎಂದರು ಉಪನ್ಯಾಸಕಿ. ಜನ ನಕ್ಕರು. ಮಾಬಮ್ಮ ನಗಲಿಲ್ಲ. ಕಪ್ಪು ಕನ್ನಡಕ ತೆಗೆದು ನನ್ನ ಕಡೆಗೆ ತಿರುಗಿದರು. ನಾನು ಕೆನ್ನೆಯನ್ನು ಸಿದ್ಧವಾಗಿಟ್ಟುಕೊಂಡೆ.

“ಮಾಸ್ತರ, ಮದ್ರಾಸಿನ್ಯಾರು ದನಿ ಅಷ್ಟ ಕಸಗೊಂಡಿದ್ರು,” ಎಂದರು ಮೆಲ್ಲಗೆ. “ನೀ ಮಾತು ಸೈತ ಕಸಗೊಂಡಿ.”

ಹೊದಿಸಿದ್ದ ಶಾಲು ತೆಗೆದು ಕುರ್ಚಿಯ ಮೇಲಿಟ್ಟು ಕೆಳಗಿಳಿದು ಹೋದರು. ಇದೂ ಅಭಿನಯವೇ ಇರಬೇಕೆಂದು ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಹೊಡೆದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮಸ್ಕಿಯವರೆಗೆ ಒಂದೇ ಕಾರು. ಅವರು ಗಿರಿಜಾಳ ಪಕ್ಕ ಕುಂತಿದ್ದರು, ನಾನು ಡ್ರೈವರನ ಪಕ್ಕ. ಮನೆ ಬಂದಾಗ ಕೈ ಮುಗಿದು, ಇನ್ನೊಮ್ಮೆ ಹೇಳಿ ಅಮ್ಮ, ಒಂದಕ್ಷರ ತಿದ್ದದೆ ಬರೆಯುತ್ತೇನೆ ಎಂದು ಬೇಡಿಕೊಂಡೆ. ಅವರ ಸಿಟ್ಟು ಇಳಿದಿತ್ತು. ನನಗೆ ಅದಕ್ಕೇ ಹೆದರಿಕೆಯಾಯಿತು.

“ಮತ್ತ ಮೊದಲಿಂದ ಹೇಳಾಕ ನನ್ನ ಎದಿಯಾಗ ದಮ್ಮಿಲ್ಲಪಾ,” ಎಂದು ತಂಗಿಯ ಕೈ ಹಿಡಿದು ಒಳಗೆ ಹೋದರು.

ಈಗ ಉಳಿದ ಪುಸ್ತಕದ ಕಟ್ಟುಗಳು ನಮ್ಮ ಮಂಚದ ಕೆಳಗಿವೆ. ಗಿರಿಜಾಳನ್ನು ಕೂರಿಸಿಕೊಂಡು ಮಾಬಮ್ಮನ ಮಾತುಗಳನ್ನು ನೆನೆದು ಬರೆಯಲು ನೋಡಿದೆ. ಆ ಕಪಾಳದ ಪ್ರಸಂಗವೊಂದು ಬಿಟ್ಟರೆ, ಮಿಕ್ಕಿದ್ದರಲ್ಲಿ ಕಥೆ ನೆನಪಿದೆ, ಮಾತು ಜಾರಿ ಹೋಗಿದೆ. ಇದ್ದಷ್ಟನ್ನೂ ನನ್ನ ಕೈ ಮತ್ತೆ ತಿದ್ದುತ್ತದೆ. “ನಿಮ್ಮ ಹೆಸರಂತೂ ಅಚ್ಚಾತು, ಬಿಡ್ರಿ,” ಎಂದು ಗಿರಿಜಾ ಎದ್ದು ಹೋದಳು.

ಮೊನ್ನೆ ದೂರದ ಊರಿನಿಂದ ಒಬ್ಬ ಹಿರಿಯರು ಫೋನ್ ಮಾಡಿದ್ದರು. ಮೃದುಲಾದೇವಿಯವರ ಒಂದು ಚಿತ್ರವನ್ನೂ ಬಿಡದೆ ನೋಡಿದವರಂತೆ. ಪುಸ್ತಕ ಓದಿ ಕಣ್ಣು ತುಂಬಿ ಬಂತಂತೆ.

“ಸಿನಿಮಾದಲ್ಲಿ ಕೇಳುತ್ತಿದ್ದ ಅವರ ದನಿಯೇ ಸಾರ್,” ಎಂದರು. “ಒಂದಿಷ್ಟೂ ವ್ಯತ್ಯಾಸವಿಲ್ಲ.”

ಧನ್ಯವಾದ ಹೇಳಿ ಫೋನ್ ಇಟ್ಟೆ. ನನ್ನ ಪುಸ್ತಕಕ್ಕೆ ಈವರೆಗೆ ಬಂದ ಮೆಚ್ಚುಗೆ ಇದೊಂದೇ.