ಮೀನಿನ ತೊಟ್ಟಿಯ ಹುಳವೂ ಮಾವನವರೂ

ಬೆಳಿಗ್ಗೆ ಮಲಕಪ್ಪನ ಉಪ್ಪುನೀರಿನ ಮೀನಿನ ತೊಟ್ಟಿಯಲ್ಲಿ ಕಲ್ಲಿನ ಸಂದಿಯಿಂದ ಗೇಣುದ್ದದ ಹುಳವೊಂದು ಇಣುಕಿತು. ಅದನ್ನು ಅವನೇ ನೋಡಿದ್ದರೆ ಸುಮ್ಮನಿರುತ್ತಿದ್ದ. ನೋಡಿದ್ದು ಅವನ ಹೆಂಡತಿ ಸಾವಂತ್ರವ್ವ.

"ಸಂಜಿ ನಾಕಕ್ಕ ನಮ್ಮಪ್ಪಾರು ಬರ್ತಾರ. ಅಷ್ಟರಾಗ ಹುಳ ಹೊರಗ ಹೋಗಬೇಕು. ಇಲ್ಲಂದ್ರ ನಿಮ್ಮ ತೊಟ್ಟಿ ಹೊರಗ ಹೋಗ್ತದ ನೋಡ್ರಿ," ಎಂದಳು.

ಎರಡು ವರ್ಷ ಕೂಸಿನಂತೆ ಸಾಕಿದ ತೊಟ್ಟಿ. ಮಲಕಪ್ಪ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಆಫೀಸಿಗೆ ರಜೆ ಹಾಕಿ, ಸಾಕುಮೀನಿನ ಅಂಗಡಿಯ ಮಂದಾರನ ಹತ್ತಿರ ಓಡಿದ.

ಮಂದಾರ ಮರಾಠಿಯಲ್ಲಿ ಉಪಾಯ ಹೇಳಿಕೊಟ್ಟ. ಸಿಗಡಿಯನ್ನು ಸೊಳ್ಳೆಪರದೆಯ ತುಂಡಿನಲ್ಲಿ ಗಂಟು ಕಟ್ಟಿ ತೊಟ್ಟಿಗೆ ಇಳಿಬಿಡಬೇಕು. ಮೇಲೆ ಚಾದರ ಹೊದಿಸಿ ಕತ್ತಲೆ ಮಾಡಿದರೆ ಹುಳಗಳೆಲ್ಲ ಬಂದು ಗಂಟಿಗೆ ಸಿಕ್ಕಿಕೊಳ್ಳುತ್ತವೆ. ಬರಿಗೈಯಲ್ಲಿ ಮಾತ್ರ ಮುಟ್ಟಬಾರದು, ಮೈತುಂಬ ಮುಳ್ಳುಗೂದಲು, ಚುಚ್ಚಿದರೆ ಉರಿಯುತ್ತದೆ.

ಉಪಾಯವೇನೋ ಸರಿ. ಆದರೆ ಮಲಕಪ್ಪನದು ಮೊಟ್ಟೆ ಹಾಕಿದ ಕೇಕೂ ಹೊಸ್ತಿಲು ದಾಟದ ಮನೆ. ಮೀನು ಸಾಕಬಹುದು, ಅಷ್ಟೆ. ಸಂತೆಯಲ್ಲಿ ಮೀನು ಮಾರುವವಳು ಒಂದೇ ಸಿಗಡಿ ಕೊಡಲು ಒಪ್ಪದೆ ಬೊಗಸೆ ತುಂಬ ಕೊಟ್ಟಳು. ಅವನು ಅದನ್ನು ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಕಳ್ಳನಂತೆ ಮೆಟ್ಟಿಲು ಹತ್ತಿದ.

ಎದುರುಮನೆಯ ಶಾಮಲಾ ಕಾಕೂ ಬಾಗಿಲಲ್ಲೇ ನಿಂತಿದ್ದರು. ಮೂಗು ಅರಳಿಸಿ, "ಡಬ್ಯಾತ ಕಾಯ ಆಹೆ?" ಎಂದು ಮರಾಠಿಯಲ್ಲಿ ಡಬ್ಬಿಯೊಳಗೆ ಏನಿದೆಯೆಂದು ವಿಚಾರಿಸಿದರು.

"ಮೀನಿನ ಔಷಧ, ಕಾಕೂ," ಎಂದು ಮಲಕಪ್ಪ ಒಳಗೆ ನುಗ್ಗಿದ. ಆ ಸುದ್ದಿ ಐದೇ ನಿಮಿಷದಲ್ಲಿ ಸಾವಂತ್ರವ್ವನ ಕಿವಿ ಸೇರಿತು. ಅಷ್ಟರೊಳಗೆ ಅವನು ಒಂದು ಸಿಗಡಿ ಗಂಟು ಕಟ್ಟಿ, ಉಳಿದದ್ದನ್ನು ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಹಿಂದೆ ಬಚ್ಚಿಟ್ಟಿದ್ದ.

ಮೂರೂಕಾಲಿಗೆ ಚಾದರ ಸರಿಸಿದರೆ ಗಂಟಿನ ತುಂಬ ಹುಳ. ಮಲಕಪ್ಪನಿಗೆ ಕುಣಿಯುವಷ್ಟು ಖುಷಿಯಾಯಿತು. ಗಂಟನ್ನೇ ಇಕ್ಕಳದಿಂದ ಎತ್ತಿ ಬಕೆಟ್ಟಿಗೆ ಹಾಕಿ ಬಚ್ಚಲಲ್ಲಿಟ್ಟ. ಆಚೆ ಒಯ್ದು ಚೆಲ್ಲಬೇಕು ಎನ್ನುವಾಗ ಕೆಳಗೆ ರಿಕ್ಷಾ ನಿಂತಿತು. ಮಾವ ಈರಣ್ಣನವರು ಬಂದಿದ್ದರು, ಅರ್ಧ ಗಂಟೆ ಮೊದಲೇ.

ಅವರು ಮೆಟ್ಟಿಲ ಮೇಲಿನ ಇರುವೆ ಸಾಲಿಗೆ ದಾರಿ ಬಿಟ್ಟು ಮುಂದೆ ಹತ್ತಿದರು. ಕೆಳಗಿಳಿದು ಅವರು ತಂದ ಜೋಳದ ಹಿಟ್ಟಿನ ಚೀಲ ಹೊತ್ತ ಮಲಕಪ್ಪ ಮಹಡಿಗೊಮ್ಮೆ ಕೂತು ಏದುಸಿರು ಬಿಡುತ್ತ ಮೂರನೇ ಮಹಡಿ ಮುಟ್ಟುವಾಗ ಮಾವನವರು ಕೈಕಾಲು ತೊಳೆದು ತೊಟ್ಟಿಯ ಮುಂದೆ ನಿಂತಿದ್ದರು.

"ಅಳಿಯಂದ್ರ, ಬಚ್ಚಲದಾಗ ಪಾಪ, ಹುಳ ಗಂಟಿನಾಗ ಸಿಕ್ಕೊಂಡು ಒದ್ದಾಡಾಕತ್ತಿದ್ವು. ಒಂದೊಂದ ಬಿಡಿಸಿ ಇದರಾಗ ಬಿಟ್ಟೀನಿ. ಎಲ್ಲಾ ಬದುಕ್ಯಾವ."

ಮಲಕಪ್ಪ ಚೀಲ ಹೊತ್ತುಕೊಂಡೇ ತೊಟ್ಟಿಗೆ ಇಣುಕಿದ; ಕೊನೆಯ ಹುಳ ಕಲ್ಲಿನ ಸಂದಿ ಸೇರುತ್ತಿತ್ತು.

ಸಾವಂತ್ರವ್ವನ ಕಣ್ಣು ತುಂಬಿ ಬಂತು. "ನಮ್ಮಪ್ಪಾರ ಮನಸು ನೋಡ್ರಿ. ತೊಟ್ಟಿ ಇಲ್ಲೇ ಇರಲಿ. ಆದ್ರ ಒಂದು ಹುಳಕ್ಕೂ ಕೈ ಹಚ್ಚಬ್ಯಾಡ್ರಿ."

"ಗಂಟಿನಾಗ ಬೆಳ್ಳಗ, ಮೆತ್ತಗ ಏನೋ ಇತ್ತಲ್ಲ?" ಮಾವನವರು ಬೆರಳು ಮೂಸಿದರು. "ಏನ್ರಿ ಅದು?"

"ಔ... ಔಷಧರೀ, ಮಾವಾರ."

"ಭಾಳ ಚಲೋ ಆತು. ಹುಳದ ಮುಳ್ಳು ಚುಚ್ಚಿ ಹತ್ತೂ ಬೆರಳು ಉರಿಯಾಕತ್ತಾವ. ಉಳಿದಿದ್ರ ಒಂಚೂರು ಅರದು ಹಚ್ಚಿಕೋತೀನಿ."

"ಡಬ್ಬಿ ತುಂಬ ತಂದಾರಂತ, ಕಾಕೂ ಹೇಳಿದ್ರು. ತಡೀರಿ ಅಪ್ಪಾರ," ಎನ್ನುತ್ತ ಸಾವಂತ್ರವ್ವ ಫ್ರಿಜ್ಜಿನ ಬಾಗಿಲು ತೆರೆದು ಮೊಸರಿನ ಪಾತ್ರೆ ಪಕ್ಕಕ್ಕೆ ಸರಿಸಿದಳು.