ಅರ್ಧ ಹಾರಿದ ರಾಕೆಟ್ಟಿನ ವರದಿ

ಸ್ಟೆನೋಗ್ರಾಫರ್ ಕೆಲಸದಲ್ಲಿ ಒಂದು ದೊಡ್ಡ ಸುಖವಿದೆ. ಸಾಹೇಬರ ಮಾತು ಕಿವಿಯಲ್ಲಿ ಹೊಕ್ಕು ಬೆರಳಿನಿಂದ ಹೊರಬೀಳುತ್ತದೆ. ನಡುವೆ ತಲೆಗೆ ತೊಂದರೆಯಿಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಈ ಸುಖವನ್ನು ತಿರುವನಂತಪುರದ ಹೊರಗೆ, ಕಡಲ ದಂಡೆಯ ರಾಕೆಟ್ ಕಚೇರಿಯೊಂದರಲ್ಲಿ ಅನುಭವಿಸುತ್ತಿದ್ದೆ. ಮೈಸೂರಿಗೆ ರಜೆಯಲ್ಲಿ ಹೋದಾಗ ನಮ್ಮ ಮಾವನವರು, "ನಮ್ಮ ಅಳಿಯಂದ್ರು ರಾಕೆಟ್ ಹಾರಿಸ್ತಾರೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ತಿದ್ದಲು ಹೋಗುತ್ತಿರಲಿಲ್ಲ. ಹಿರಿಯರ ಮಾತಿಗೆ ಎದುರಾಡಬಾರದು ನೋಡಿ.

ನಮ್ಮ ಕಚೇರಿಯಲ್ಲಿ ಅವರಾಚನ್ ಎಂಬವರಿದ್ದರು. ಐವತ್ತರ ಆಸುಪಾಸಿನ ಮನುಷ್ಯ, ನಾವೆಲ್ಲ ಚೇಟ್ಟಾ, ಅಂದರೆ ಅಣ್ಣ, ಎನ್ನುತ್ತಿದ್ದೆವು. ಕೊಚ್ಚಿಯ ಮಟ್ಟಾಂಚೇರಿಯಲ್ಲಿ ದೋಣಿಗಳ ಹಾಯಿ ಹೊಲಿಯುತ್ತಿದ್ದವರನ್ನು ಪ್ಯಾರಾಚೂಟ್ ಹೊಲಿಯಲು ಕರೆತಂದಿದ್ದರು. ರಾಕೆಟ್ ಮೇಲಕ್ಕೆ ಹೋಗಿ, ಒಳಗಿನ ಉಪಕರಣದ ಪೆಟ್ಟಿಗೆಯನ್ನು ಬಿಟ್ಟುಕೊಟ್ಟಾಗ ಅದು ಮೆಲ್ಲಗೆ ಸಮುದ್ರಕ್ಕೆ ಇಳಿಯಬೇಕಲ್ಲ, ಅದಕ್ಕೆ. ಕೆಲಸ ಮಾತ್ರ ತಾತ್ಕಾಲಿಕ. ಮೂರು ತಿಂಗಳಿಗೊಮ್ಮೆ ಹೊಸ ಆದೇಶ. "ಮೂರು ತಿಂಗಳಿಗೊಮ್ಮೆ ಕೆಲಸ ಮುಗಿಯೋ ಗಂಡನ್ನ ನಂಬಿ ನಾನು ಊರು ಬಿಡಲ್ಲ" ಎಂದು ಅವರ ಹೆಂಡತಿ ಮಟ್ಟಾಂಚೇರಿಯಲ್ಲೇ ಕೂತಿದ್ದರು. ಇವರು ಇಲ್ಲಿ ಲಾಡ್ಜಿನ ಕೋಣೆಯಲ್ಲಿ ತಾವೇ ಗಂಜಿ ಬೇಯಿಸಿಕೊಳ್ಳುತ್ತಿದ್ದರು. ಈ ಸಲದ ಹಾರಾಟ ಸರಿಹೋದರೆ ಖಾಯಂ, ಇಲ್ಲವಾದರೆ ವಿದೇಶದಿಂದ ಸಿದ್ಧ ಪ್ಯಾರಾಚೂಟ್ ತರಿಸುವುದು ಎಂದು ಮುಖ್ಯಸ್ಥರಾದ ಕುರುಪ್ ಸಾರ್ ಹೇಳಿದ್ದರು. ಆ ಟಿಪ್ಪಣಿ ಟೈಪ್ ಮಾಡಿದವನೂ ನಾನೇ.

ಹಾರಾಟದ ದಿನ ನಾವೆಲ್ಲ ವರಾಂಡದಲ್ಲಿ ನಿಂತು ನೋಡಿದೆವು. ರಾಕೆಟ್ ಚೆನ್ನಾಗಿಯೇ ಹೊರಟಿತು. ಆದರೆ ಹೋಗಬೇಕಾದ ಎತ್ತರದ ಅರ್ಧಕ್ಕೇ ಸುಸ್ತಾಯಿತು. ಪ್ಯಾರಾಚೂಟ್ ಬಿಚ್ಚಿಕೊಂಡಿತು. ಕಾಯುತ್ತಿದ್ದ ದೋಣಿಯವರು ಪೆಟ್ಟಿಗೆಯನ್ನು ಜೋಪಾನವಾಗಿ ತಂದರು. ತೆರೆದು ನೋಡಿದರೆ ಒಳಗಿನ ಟೇಪಿನಲ್ಲಿ ಏನೂ ದಾಖಲಾಗಿರಲಿಲ್ಲ.

ಈಗ ದೆಹಲಿಗೆ ವರದಿ ಹೋಗಬೇಕು. ಹಾರಾಟ ಯಶಸ್ವಿಯೋ ಅಲ್ಲವೋ? ಕುರುಪ್ ಸಾರ್ ಕೋಣೆಯಲ್ಲಿ ನಾನು ಪೆನ್ಸಿಲ್ ಹಿಡಿದು ಕೂತೆ. "ನನ್ನ ಎಂಜಿನ್ ಉರಿಯಿತು. ಎಂಜಿನ್ ಕೆಲಸ ಉರಿಯುವುದು. ಹಾಗಾಗಿ ಯಶಸ್ವಿ" ಎಂದರು ಎಂಜಿನಿನ ಥಾಮಸ್. "ಅರ್ಧ ಎತ್ತರ ಹೋದದ್ದು ಯಶಸ್ಸಾದರೆ, ಕೊಚ್ಚಿಗೆ ಹೊರಟ ಬಸ್ಸು ಕೊಲ್ಲಂನಲ್ಲಿ ನಿಂತದ್ದೂ ಯಶಸ್ಸೇ" ಎಂದರು ಉಪಕರಣದ ಅಯ್ಯರ್. "ಬಸ್ಸು ಕೊಚ್ಚಿ ಮುಟ್ಟಿದ್ದರೂ ನಿಮ್ಮ ಟೇಪ್ ಖಾಲಿಯೇ ಇರುತ್ತಿತ್ತು!" ಎಂದರು ಥಾಮಸ್. ನಾನು "ಯಶಸ್ವಿ" ಎಂದು ಬರೆದೆ, ಹೊಡೆದುಹಾಕಿದೆ. "ಭಾಗಶಃ ಯಶಸ್ವಿ" ಎಂದು ಬರೆದೆ. ಯಾವ ಭಾಗ ಎಂಬ ಪ್ರಶ್ನೆ ಬಂತು, ಅದನ್ನೂ ಹೊಡೆದೆ. ಎರಡು ಸಲ ಚಹಾ ಬಂದುಹೋಯಿತು.

ಕೊನೆಗೆ ಕುರುಪ್ ಸಾರ್ ಬೇಸತ್ತು, "ಇಲ್ಲಿಯವರೆಗೆ ಉಳಿದಿರೋದನ್ನ ಓದಿ" ಎಂದರು. ಓದಿದೆ: "ಪ್ಯಾರಾಚೂಟ್ ತೆರೆದುಕೊಂಡಿತು." ಅಷ್ಟೇ. ಯಾರೂ ಹೊಡೆಸದೆ ಉಳಿದಿದ್ದ ವಾಕ್ಯ ಅದೊಂದೇ. ಸಾರ್ ನಕ್ಕು, "ಹಾಗಿದ್ರೆ ಅದರಿಂದಲೇ ಶುರು ಮಾಡಿ" ಎಂದರು. ನನಗಂತೂ ನಾನೇ ಪ್ಯಾರಾಚೂಟ್ ಹೊಲಿದಷ್ಟು ಹೆಮ್ಮೆಯಾಯಿತು.

ನನ್ನ ಮೇಜಿಗೆ ಬಂದು ಆ ಮೊದಲ ಸಾಲನ್ನು ಟೈಪ್ ಮಾಡುತ್ತಿದ್ದಾಗ ಅವರಾಚನ್ ಬಂದರು. ತೋಳ ಮೇಲೆ ಒದ್ದೆ ಪ್ಯಾರಾಚೂಟ್. "ಶುಭಾಶಯ ಅವರಾಚನ್ ಚೇಟ್ಟಾ, ವರದಿಯಲ್ಲಿ ನಿಮ್ಮ ಪ್ಯಾರಾಚೂಟೇ ಮೊದಲ ಸಾಲು!" ಎಂದೆ. ಅವರು ನಗಲಿಲ್ಲ. ಬಟ್ಟೆ ಬಿಡಿಸಿ ಒಂದು ಹೊಲಿಗೆ ತೋರಿಸಿದರು. ಗೇಣುದ್ದ ದಾರ ಕಿತ್ತುಬಂದಿತ್ತು.

"ಸಾರ್, ಇಲ್ಲಿ ಜೋಡಿ ಹೊಲಿಗೆ ಹಾಕಬೇಕಿತ್ತು. ನಾನು ಒಂದೇ ಹಾಕಿದೆ. ರಾಕೆಟ್ ಪೂರ್ತಿ ಮೇಲೆ ಹೋಗಿದ್ರೆ ಇದು ಹರಿದೇ ಹೋಗ್ತಿತ್ತು. ಅರ್ಧಕ್ಕೆ ನಿಂತಿದ್ದಕ್ಕೆ ಉಳೀತು."

ನಾನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದೆ. "ಮೊದಲು ಖಾಯಂ ಆಗ್ಲಿ ಚೇಟ್ಟಾ. ಆಮೇಲೆ ಸದ್ದಿಲ್ದೆ ಜೋಡಿ ಹೊಲಿಗೆ ಹಾಕಿ. ಈಗ ಯಾಕೆ?"

"ಹಾಯಿ ಹರಿದ್ರೆ ದೋಣಿಯಲ್ಲಿದ್ದವನು ವಾಪಸ್ ಬರಲ್ಲ ಸಾರ್. ನಾನು ಹೊಲಿದದ್ದು ಯಾವತ್ತೂ ಹಾಗಾಗಿಲ್ಲ" ಎಂದು ಅವರು ನೇರ ಸಾಹೇಬರ ಕೋಣೆಗೆ ಹೋದರು. ನಾನೂ ಹಿಂದೆಯೇ ಹೋದೆ, ಅವರನ್ನು ತಡೆಯಲೆಂದೇ. ಅಷ್ಟರಲ್ಲಿ ಬಟ್ಟೆ ಕುರುಪ್ ಸಾರ್ ಮೇಜಿನ ಮೇಲೆ ಹರಡಿತ್ತು, ಉಪ್ಪುನೀರು ಕಡತಗಳಿಗೆ ಇಳಿಯುತ್ತಿತ್ತು.

ಅವರು ಹೊಲಿಗೆಯ ವಿಷಯ ಹೇಳಿ ಮುಗಿಸಿದರು. ಆಮೇಲೆ, ಇನ್ನೂ ಅಲ್ಲೇ ಕೂತಿದ್ದ ಅಯ್ಯರ್ ಆ ಹೊಲಿಗೆಯನ್ನು ಬೆರಳಲ್ಲಿ ಸವರುತ್ತ, "ಟೇಪಿನ ಬ್ಯಾಟರಿಯನ್ನು ನಾನು ಬೆಳಿಗ್ಗೆ ಇನ್ನೊಂದು ಸಲ ಪರೀಕ್ಷೆ ಮಾಡಬೇಕಿತ್ತು" ಎಂದರು. ಥಾಮಸ್ ಗಂಟಲು ಸರಿಮಾಡಿಕೊಂಡು, ಎಂಜಿನಿನೊಳಗಿನ ಗಟ್ಟಿ ಇಂಧನ ಒಂದು ಕಡೆ ಬಿರುಕು ಬಿಟ್ಟಿದ್ದ ಅನುಮಾನ ತಮಗೆ ಮೊದಲೇ ಇತ್ತು ಎಂದರು. ಮಧ್ಯಾಹ್ನವೆಲ್ಲ ಮುಗಿಯದಿದ್ದ ವರದಿ ಹತ್ತು ನಿಮಿಷದಲ್ಲಿ ಮುಗಿಯಿತು. ಯಶಸ್ಸು, ಸೋಲು ಎಂಬ ಎರಡು ಪದಗಳೂ ಅದರಲ್ಲಿ ಬರಲಿಲ್ಲ. ಏನೇನಾಯಿತು, ಯಾಕಾಯಿತು, ಮುಂದೇನು, ಇಷ್ಟೇ. ಕೊನೆಯಲ್ಲಿ ಕುರುಪ್ ಸಾರ್, "ಹೊಲಿಗೆಯವರನ್ನು ಖಾಯಂ ಮಾಡಲು ಶಿಫಾರಸು" ಎಂದು ಸೇರಿಸಿದರು. ಎರಡು ತಿಂಗಳಲ್ಲಿ ಖಾಯಂ ಆದೇಶ ಬಂತು. ಅದರ ಮುಂದಿನ ವಾರ ಅವರಾಚನ್ ಹೆಂಡತಿ, ಒಂದು ಟ್ರಂಕು ಮತ್ತು ಮೀನು ಸಾರಿನ ಮಣ್ಣಿನ ಚಟ್ಟಿಯೊಂದಿಗೆ ರೈಲಿಳಿದರು. ಅಂಥ ಮನುಷ್ಯನಿಗೆ ಬಾಯಿ ಮುಚ್ಚಿಕೊಂಡಿರಲು ಬುದ್ಧಿ ಹೇಳಿದ್ದೆನಲ್ಲ ಎಂದು ನಾನು ಬಹಳ ದಿನ ಅವರ ಮುಖ ನೋಡಲು ಹಿಂಜರಿದೆ.

ಹಾರಾಟದ ಆ ಸಂಜೆ ನಾನು ಮನೆ ಸೇರಿದಾಗ ಮಗಳು ಬಾಗಿಲಲ್ಲೇ, "ಅಚ್ಛಾ, ರಾಕೆಟ್ ಪೊಟ್ಟಿಯೋ?" ಎಂದಳು. ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರಿಸುವವಳು, ಕೇಳುವುದನ್ನೂ ಮಲಯಾಳದಲ್ಲೇ ಕೇಳುತ್ತಾಳೆ. ಅಪ್ಪಾ, ರಾಕೆಟ್ ಕೆಟ್ಟುಹೋಯಿತಾ ಎಂದು ಅದರ ಅರ್ಥ.

"ಹಾಗೆ ಒಂದೇ ಮಾತಲ್ಲಿ ಹೇಳೋಕಾಗಲ್ಲ ಪುಟ್ಟಿ. ಎತ್ತರದ ದೃಷ್ಟಿಯಿಂದ ನೋಡಿದ್ರೆ..." ಎಂದು ಶುರುಮಾಡಿದೆ. ಅವಳು ಕುಂಟಾಬಿಲ್ಲೆಗೆ ಓಡಿದಳು. ಅಡುಗೆಮನೆಯಿಂದ ಹೆಂಡತಿ, "ರೀ, ಗೆದ್ದಿತೋ ಸೋತಿತೋ, ಅದನ್ನ ಹೇಳಿ ಸಾಕು" ಎಂದಳು. "ಅದನ್ನೇ ಹೇಳ್ತಿದೀನಿ. ಒಂದನೆಯದಾಗಿ ಎಂಜಿನ್..." ಎಂದೆ. ಪಾತ್ರೆಗಳ ಸದ್ದು ಜೋರಾಯಿತು. ನಾನು ಷರ್ಟು ಕಳಚುತ್ತ ಎರಡನೆಯದನ್ನೂ ಮೂರನೆಯದನ್ನೂ ಗೂಟಕ್ಕೆ ವಿವರಿಸಿದೆ. ಅದು ಕೊನೆಯವರೆಗೂ ಕೇಳಿಸಿಕೊಂಡಿತು.